ಲಾರಿಯ ಬೆನ್ನ ಮೇಲಿನ ನಾಲ್ಕು ಅಂಕಿ

2021ರ ಜನವರಿ 21, ಗುರುವಾರ. ರಾತ್ರಿ ಹತ್ತೂಕಾಲು ದಾಟಿತ್ತು. ಶಿವಮೊಗ್ಗದಲ್ಲಿ ಕಿಟಕಿ ಗಾಜುಗಳು ಒಡೆದವು, ಗೋಡೆಗಳು ಅದುರಿದವು. ಭೂಕಂಪವೆಂದು ಹೆದರಿದ ಜನ ಮಕ್ಕಳನ್ನು ಎತ್ತಿಕೊಂಡು ಬೀದಿಗೆ ಬಂದರು. ನಡುಕ ದಾವಣಗೆರೆ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಿಗೂ ಮುಟ್ಟಿತು. ಶಿವಮೊಗ್ಗಕ್ಕೆ ಅಂಟಿಕೊಂಡೇ ಇರುವ ನ್ಯಾಮತಿಗೆ, ಅದರಾಚೆಯ ಹೊನ್ನಾಳಿಗೆ, ಈಚೆಯ ಚನ್ನಗಿರಿಗೆ ಅದು ದೂರದ ಊರಿನ ಸುದ್ದಿಯಾಗಿರಲಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಈ ಸೀಮೆಯೆಲ್ಲ ಶಿವಮೊಗ್ಗ ಜಿಲ್ಲೆಯದೇ. ಆಸ್ಪತ್ರೆ, ಸಂತೆ, ಸಂಬಂಧ ಎಲ್ಲಕ್ಕೂ ಜನ ಇಂದಿಗೂ ಆ ಕಡೆ ಹೋಗಿಬರುತ್ತಾರೆ.

ಭೂಮಿ ನಡುಗಿದ್ದಲ್ಲ ಎಂಬುದು ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಶಿವಮೊಗ್ಗದ ಹೊರವಲಯದ ಹುಣಸೋಡಿನಲ್ಲಿ, ಕಲ್ಲು ಕ್ರಷರ್ ಬಳಿ, ಸ್ಫೋಟಕ ತುಂಬಿದ್ದ ವಾಹನವೊಂದು ಸಿಡಿದಿತ್ತು. ಸ್ಥಳದಲ್ಲಿದ್ದವರ ದೇಹಗಳನ್ನು ಗುರುತಿಸುವುದೇ ಕಷ್ಟವಾಯಿತು. ಆ ಸರಕು ಆಂಧ್ರಪ್ರದೇಶದ ಕಡೆಯಿಂದ ಬಂದಿತ್ತೆಂದು ಪೊಲೀಸ್ ತನಿಖೆ ಹೇಳಿತು. ಆಂಧ್ರದಿಂದ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಬರುವ ವಾಹನ ನಡುವಿನ ಜಿಲ್ಲೆಗಳ ನೆಲವನ್ನು ದಾಟಲೇಬೇಕು. ಎಷ್ಟು ಊರುಗಳ ಬಸ್ ನಿಲ್ದಾಣ, ಎಷ್ಟು ಶಾಲೆಗಳ ಗೇಟು, ಎಷ್ಟು ಟೀ ಅಂಗಡಿಗಳ ಮುಂದೆ ಅದು ಹಾದಿರಬಹುದು ಎಂದು ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಂದು ತಿಂಗಳು ಕಳೆಯುತ್ತಿದ್ದಂತೆಯೇ ಮತ್ತೊಂದು. ಫೆಬ್ರುವರಿ 22–23ರ ನಡುರಾತ್ರಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಕ್ವಾರಿಯ ಮೇಲೆ ಪೊಲೀಸರ ಕಣ್ಣು ಬಿದ್ದ ಮೇಲೆ, ಬಚ್ಚಿಟ್ಟಿದ್ದ ಸ್ಫೋಟಕವನ್ನು ಬೇರೆಡೆ ಸಾಗಿಸಿ ವಿಲೇವಾರಿ ಮಾಡಲು ಹೊರಟಾಗ ನಡೆದ ಅನಾಹುತ ಅದು. ಎರಡೂ ಕಡೆ ಮದ್ದು ಸಿಡಿದದ್ದು ಬಂಡೆಯಲ್ಲಿ ತೋಡಿದ ಕುಳಿಯೊಳಗಲ್ಲ. ಸಾಗಿಸುವ, ಏರಿಸುವ, ಇಳಿಸುವ, ಅಡಗಿಸುವ ಹಂತದಲ್ಲಿ. ಸ್ಫೋಟಕದ ಬಗ್ಗೆ ಮಾತಾಡುವಾಗ ನಾವು ಕ್ವಾರಿಯನ್ನು ನೋಡುತ್ತೇವೆ, ರಸ್ತೆಯನ್ನು ನೋಡುವುದಿಲ್ಲ.

ರಸ್ತೆಗೆ ಕಾನೂನು ಇಲ್ಲವೆಂದಲ್ಲ. 1884ರ ಸ್ಫೋಟಕ ಕಾಯ್ದೆ ಬ್ರಿಟಿಷರ ಕಾಲದ್ದು, ಇಂದಿಗೂ ಜಾರಿಯಲ್ಲಿದೆ. ಅದರಡಿ 2008ರ ಸ್ಫೋಟಕ ನಿಯಮಗಳಿವೆ. ನಾಗಪುರದಲ್ಲಿ ಕೇಂದ್ರ ಕಚೇರಿ ಇರುವ ‘ಪೆಸೊ’, ಅಂದರೆ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಇವನ್ನು ನೋಡಿಕೊಳ್ಳುತ್ತದೆ. ಸ್ಫೋಟಕ ಸಾಗಿಸಲು ಅದಕ್ಕೆಂದೇ ಕಟ್ಟಿಸಿದ, ಪರವಾನಗಿ ಪಡೆದ ವ್ಯಾನ್ ಬೇಕು. ಸರಕಿನ ಜೊತೆ ಪಾಸ್ ಇರಬೇಕು. ಸೂರ್ಯ ಮುಳುಗಿದ ಮೇಲೆ ಏರಿಸುವ ಇಳಿಸುವ ಕೆಲಸಕ್ಕೆ ನಿಯಮ ಸಾಮಾನ್ಯವಾಗಿ ಒಪ್ಪುವುದಿಲ್ಲ. ಹುಣಸೋಡಿನಲ್ಲಿ ಸಿಡಿದದ್ದು ರಾತ್ರಿ ಹತ್ತೂಕಾಲರ ನಂತರ ಎಂಬುದನ್ನು ಇಲ್ಲಿ ನೆನೆಯಬೇಕು.

ಜಿಲೆಟಿನ್ ಎಂದು ಈಗಲೂ ಕರೆಯುವ ಕಡ್ಡಿಗಳು ಬಹುಪಾಲು ಎಮಲ್ಷನ್ ಅಥವಾ ಸ್ಲರಿ ಸ್ಫೋಟಕಗಳು. ಹೆಸರು ಮಾತ್ರ ಹಳೆಯದು. ರಟ್ಟಿನ ಪೆಟ್ಟಿಗೆಯೊಂದರಲ್ಲಿ 25 ಕೆ.ಜಿ. ತುಂಬಿರುತ್ತದೆ. ಅದರ ಮೈಮೇಲೆ ಕಿತ್ತಳೆ ಬಣ್ಣದ ವಜ್ರಾಕೃತಿ, ಒಳಗೆ ಸಿಡಿಯುತ್ತಿರುವ ಗುಂಡಿನ ಚಿತ್ರ, ಕೆಳಗೆ ‘1.1ಡಿ’ ಎಂಬ ಬರಹ. 1 ಎಂದರೆ ಸ್ಫೋಟಕ ವರ್ಗ. ಚುಕ್ಕಿಯ ನಂತರದ 1 ಹೇಳುವುದು ಇಷ್ಟು: ಒಂದು ಕಡ್ಡಿ ಸಿಡಿದರೆ ಉಳಿದದ್ದೂ ಅದರ ಜೊತೆಗೇ, ಒಂದೇ ಕ್ಷಣಕ್ಕೆ ಸಿಡಿಯುತ್ತದೆ. ಕೊನೆಯ ಅಕ್ಷರ ಯಾವುದರ ಜೊತೆ ಯಾವುದನ್ನು ಇಡಬಾರದು ಎಂಬುದರ ಗುರುತು. ಹಳ್ಳಿಯಲ್ಲಿ ಕೇಪು ಎನ್ನುವ ಡಿಟೋನೇಟರ್ ‘ಬಿ’ ಗುಂಪಿನದು. ಸಣ್ಣ ಹೊಡೆತಕ್ಕೆ, ಸಣ್ಣ ಕಿಡಿಗೆ ಅದು ಸಿಡಿಯುತ್ತದೆ. ಕಡ್ಡಿಗಳು ಅಷ್ಟು ಸುಲಭಕ್ಕೆ ಸಿಡಿಯುವುದಿಲ್ಲ, ಅವನ್ನು ಸಿಡಿಸಲೆಂದೇ ಕೇಪು ಇರುವುದು. ಹಾಗಾಗಿ ಬಿ ಮತ್ತು ಡಿ ಗುಂಪುಗಳನ್ನು ಸರಿಯಾದ ತಡೆಯಿಲ್ಲದೆ ಒಂದೇ ಗಾಡಿಯಲ್ಲಿ ಹಾಕಬಾರದು. ಪರವಾನಗಿಯಿಲ್ಲದೆ ಸಾಗಿಸುವವರು ಮೊದಲು ಮುರಿಯುವ ನಿಯಮವೂ ಇದೇ. ಎರಡು ಟ್ರಿಪ್ ಯಾಕೆ ಹೊಡೆಯಬೇಕು ಎಂಬ ಲೆಕ್ಕ.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆ ಹೋಬಳಿಯಂಥ ಕಡೆ ಮದ್ದಿನ ಮಾತು ಯಾರಿಗೂ ಹೊಸದಲ್ಲ. ಮಳೆ ಕಡಿಮೆ, ನೆಲದಡಿ ಬಂಡೆ. ಬೋರ್‌ವೆಲ್ ಬರುವ ಮೊದಲು ಇಲ್ಲಿ ಬಾವಿ ತೋಡುವುದೆಂದರೆ ಕುಳಿ ಹೊಡೆದು ಮದ್ದು ತುಂಬಿ ಸಿಡಿಸುವುದೇ. ಬತ್ತಿಗೆ ಬೆಂಕಿ ಕೊಟ್ಟು ಬಾವಿಯಿಂದ ಮೇಲಕ್ಕೆ ಓಡಿ ಬರುವ ಕೂಲಿಯ ಕೆಲಸ ಎಂಥದ್ದೆಂದು ಬಲ್ಲ ಹಿರಿಯರು ಈ ಕಡೆಯ ಹಳ್ಳಿಗಳಲ್ಲಿ ಇನ್ನೂ ಸಿಗುತ್ತಾರೆ. ಆ ಮದ್ದು ಹಳ್ಳಿಗೆ ಹೇಗೆ ಬರುತ್ತಿತ್ತು? ಗೋಣಿಚೀಲದಲ್ಲಿ, ಬಸ್ಸಿನ ಟಾಪಿನ ಮೇಲೆ, ಸೈಕಲ್ ಕ್ಯಾರಿಯರ್‌ನಲ್ಲಿ ಎಂಬಂಥ ಮಾತುಗಳನ್ನು ಬಯಲುಸೀಮೆಯ ಯಾವ ಊರಿನಲ್ಲಾದರೂ ಕೇಳಬಹುದು. ಅಂದು ಏನೂ ಆಗಲಿಲ್ಲವೆಂಬ ಧೈರ್ಯವೇ ಇಂದು ಟಿಪ್ಪರ್‌ನಲ್ಲಿ ಪೆಟ್ಟಿಗೆ ಪೆಟ್ಟಿಗೆ ಸಾಗಿಸುವವರಿಗೂ ಇದೆ.

ಇದೇ ತಾಲ್ಲೂಕಿನ ಮೂಲಕ ರಾಷ್ಟ್ರೀಯ ಹೆದ್ದಾರಿ 50 ಹಾದುಹೋಗುತ್ತದೆ. ಚಿತ್ರದುರ್ಗದಿಂದ ಕೂಡ್ಲಿಗಿ, ಹೊಸಪೇಟೆ ದಾಟಿ ಉತ್ತರಕ್ಕೆ ಸಾಗುವ ದಾರಿ ಅದು. ಕಾನನಕಟ್ಟೆ, ದೊಣೆಹಳ್ಳಿ ಕಡೆ ಸ್ವಲ್ಪ ಹೊತ್ತು ನಿಂತರೆ ಪೆಟ್ರೋಲ್, ಡೀಸೆಲ್, ಅಡುಗೆ ಅನಿಲದ ಟ್ಯಾಂಕರ್‌ಗಳು, ರಾಸಾಯನಿಕ ತುಂಬಿದ ಕ್ಯಾನುಗಳ ಲಾರಿಗಳು ಹಾದುಹೋಗುವುದನ್ನು ನೋಡಬಹುದು. ಜಿಲ್ಲೆಯ ಇನ್ನೊಂದು ತುದಿಯಲ್ಲೂ ಹೀಗೆಯೇ. ಹರಿಹರದಿಂದ ತುಂಗಭದ್ರೆ ದಾಟಿದರೆ ಕುಮಾರಪಟ್ಟಣಂನ ವಿಸ್ಕೋಸ್ ನಾರಿನ ಕಾರ್ಖಾನೆ. ಅಂಥ ನಾರು ತಯಾರಿಸಲು ಕಾಸ್ಟಿಕ್ ಸೋಡಾ, ಸಲ್ಫ್ಯೂರಿಕ್ ಆಮ್ಲ ಬೇಕೇ ಬೇಕು. ಕುಕ್ಕುವಾಡದ ಸಕ್ಕರೆ ಕಾರ್ಖಾನೆ ಎಥೆನಾಲ್ ತಯಾರಿಸುತ್ತದೆ. ಕುಡಿಯುವ ನೀರು ಶುದ್ಧ ಮಾಡಲು ಊರೂರಿಗೆ ಕ್ಲೋರಿನ್ ಬೇಕು. ಅಪಾಯಕಾರಿ ಸರಕು ಎಂದರೆ ಎಲ್ಲೋ ಬಂದರಿನ, ರಿಫೈನರಿಯ ಮಾತಲ್ಲ. ನಮ್ಮ ಬದುಕು ನಡೆಯುವುದೇ ಅದರ ಮೇಲೆ.

ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿ ಮುಂದೆ ನಿಂತ ಅನಿಲ ಟ್ಯಾಂಕರ್ ಒಂದರ ಹಿಂಬದಿಯನ್ನು ಹತ್ತಿರದಿಂದ ನೋಡಿ. ದುಂಡನೆಯ ಬಿಳಿ ಬೆನ್ನು. ಅದರ ಮೇಲೊಂದು ಚೌಕಟ್ಟು. ಒಂದು ಕಡೆ ಮೂಲೆಯ ಮೇಲೆ ನಿಂತ ಕೆಂಪು ಚೌಕ, ಒಳಗೆ ಜ್ವಾಲೆಯ ಚಿತ್ರ, ಕೆಳಮೂಲೆಯಲ್ಲಿ 2. ಮತ್ತೊಂದು ಕಡೆ ದಪ್ಪಕ್ಷರದಲ್ಲಿ 1075. ಅದರ ಮೇಲೊಂದು ಅಂಕಿ ಮತ್ತು ಅಕ್ಷರಗಳ ಸಂಕೇತ. ಕೆಳಗೆ ಫೋನ್ ನಂಬರ್, ಸರಕಿನ ಹೆಸರು. ಇದೇ ಚೌಕಟ್ಟು ಎಡ ಮತ್ತು ಬಲ ಪಕ್ಕೆಗಳಲ್ಲೂ ಇರುತ್ತದೆ. ಧೂಳು, ಗ್ರೀಸು, ಕೆಲವೊಮ್ಮೆ ಮೇಲೆ ಕಟ್ಟಿದ ಟಾರ್ಪಾಲಿನ ತುದಿ ಇದನ್ನು ಅರ್ಧ ಮುಚ್ಚಿರುತ್ತದೆ.

ಇದು ಲಾರಿ ಮಾಲೀಕ ಇಷ್ಟಪಟ್ಟು ಬರೆಸಿದ್ದಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 129ರಿಂದ 137ರವರೆಗಿನ ನಿಯಮಗಳು ಇದಕ್ಕೆಂದೇ ಇವೆ. 134ನೆಯ ನಿಯಮ ಅಳತೆಯನ್ನೂ ಹೇಳುತ್ತದೆ. ಸರಕಿನ ಹೆಸರಿನ ಅಕ್ಷರ ಕನಿಷ್ಠ 50 ಮಿ.ಮೀ. ಎತ್ತರ, ವಿಶ್ವಸಂಸ್ಥೆಯ ಸಂಖ್ಯೆ 100 ಮಿ.ಮೀ., ವರ್ಗದ ಚಿತ್ರ 250 ಮಿ.ಮೀ. ಚೌಕ. ಅಂಕಿಗೆ ಹೆಸರಿನ ಎರಡರಷ್ಟು ಎತ್ತರ ಯಾಕೆ? ಹೊತ್ತಿ ಉರಿಯುತ್ತಿರುವ ಲಾರಿಯ ಬಳಿ ಹೋಗಿ ಹೆಸರು ಓದಲಾಗದು. ನಾಲ್ಕು ಅಂಕಿಯನ್ನು ದೂರದಿಂದ ಓದಬಹುದು, ಫೋನಿನಲ್ಲಿ ತಪ್ಪಿಲ್ಲದೆ ಹೇಳಬಹುದು. 1203 ಎಂದರೆ ಪೆಟ್ರೋಲ್, 1202 ಡೀಸೆಲ್, 1170 ಎಥೆನಾಲ್, 1830 ಸಲ್ಫ್ಯೂರಿಕ್ ಆಮ್ಲ, 1017 ಕ್ಲೋರಿನ್. ಜಪಾನಿನ ಅಗ್ನಿಶಾಮಕ ಸಿಬ್ಬಂದಿಗೂ ಜಗಳೂರಿನ ಸಿಬ್ಬಂದಿಗೂ ಈ ಅಂಕಿಗಳ ಅರ್ಥ ಒಂದೇ.

ಆ ಅಂಕಿ ಮತ್ತು ಅಕ್ಷರಗಳ ಸಂಕೇತವನ್ನು ರೂಪಿಸಿದವರು ಲಂಡನ್ನಿನ ಅಗ್ನಿಶಾಮಕ ದಳದವರು, 1970ರ ದಶಕದಲ್ಲಿ. ಅದರ ಹೆಸರು ಹ್ಯಾಜ್‌ಕೆಮ್. ಓದುವುದನ್ನು ಒಮ್ಮೆ ಕಲಿತರೆ ಮರೆಯುವಂಥದ್ದಲ್ಲ. ಪೆಟ್ರೋಲಿಗೆ ‘3ವೈಇ’. ಮೊದಲ ಅಂಕಿ ಬೆಂಕಿಗೆ ಏನು ಹಾಕಬೇಕೆಂದು ಹೇಳುತ್ತದೆ: 1 ಮತ್ತು 2 ನೀರು, ಒಂದು ದಪ್ಪ ಧಾರೆ, ಇನ್ನೊಂದು ಮಂಜಿನಂಥ ಸಿಂಪಡಣೆ. 3 ನೊರೆ. 4 ಒಣಪುಡಿ, ನೀರು ಸೋಕಿಸಲೇಬಾರದು. ನಡುವಿನ ವೈ ಅಕ್ಷರ ಉಸಿರಾಟದ ಸಾಧನ ಧರಿಸಿ ಹೋಗಿ, ಸೋರಿದ್ದನ್ನು ಚರಂಡಿಗೆ ಹರಿಯಬಿಡದೆ ತಡೆಯಿರಿ ಎನ್ನುತ್ತದೆ. ಕೊನೆಯ ಇ ಬಂದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸುವ ಬಗ್ಗೆ ಯೋಚಿಸಲೇಬೇಕು.

ನಮ್ಮ ಹಳ್ಳಿಗಳಲ್ಲಿ ಬೆಂಕಿ ಎಂದೊಡನೆ ಕೈಗೆ ಬರುವುದು ಕೊಡ ಮತ್ತು ನೀರು. ಹುಲ್ಲಿನ ಬಣವೆಗೆ ಅದು ಸರಿ. ಪೆಟ್ರೋಲಿಗೆ ನೀರು ಸುರಿದರೆ ಅದು ನೀರಿನ ಮೇಲೆ ತೇಲಿ, ಉರಿಯುತ್ತಲೇ ಮುಂದಿನ ಮನೆಯತ್ತ ಹರಿಯುತ್ತದೆ. ವೆಲ್ಡಿಂಗ್ ಅಂಗಡಿಗಳಿಗೆ ಹೋಗುವ ಕಾರ್ಬೈಡ್ ಡ್ರಮ್ಮಿಗೆ ನೀರು ಬಿದ್ದರೆ ಅಸಿಟಿಲೀನ್ ಅನಿಲ ಹುಟ್ಟಿ ಬೆಂಕಿ ಇನ್ನೂ ಹೆಚ್ಚುತ್ತದೆ. ಆ ಡ್ರಮ್ಮಿನ ಮೇಲಿನ ನೀಲಿ ವಜ್ರಾಕೃತಿ ಹೇಳುವುದು ಅದನ್ನೇ. ಆಮ್ಲದ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಒಳ್ಳೆಯ ಮನಸ್ಸಿನಿಂದ ಓಡಿಬಂದವನೇ ಸಾಯುವುದು ಹೀಗೆ.

ಇಷ್ಟೆಲ್ಲ ಚಿತ್ರ, ಅಂಕಿಗಳ ಹಿಂದೆ ದೊಡ್ಡ ದುರಂತಗಳಿವೆ. ಅವುಗಳಲ್ಲಿ ಒಂದು ನಮ್ಮದೇ ನೆಲದ್ದು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗು ನಿಂತಿತ್ತು. ಹೊಟ್ಟೆಯಲ್ಲಿ ಸುಮಾರು 1,400 ಟನ್ ಸ್ಫೋಟಕ, ಜೊತೆಗೆ ಹತ್ತಿಯ ಮೂಟೆ, ಚಿನ್ನದ ಗಟ್ಟಿ. ಹತ್ತಿಗೆ ಬೆಂಕಿ ಹತ್ತಿತು, ಹಡಗು ಎರಡು ಬಾರಿ ಸಿಡಿಯಿತು, ನೂರಾರು ಜನ ಸತ್ತರು. ಅಪಾಯದ ಸರಕು ಹೊತ್ತ ಹಡಗು ಕೆಂಪು ಬಾವುಟ ಹಾರಿಸಬೇಕೆಂಬುದು ಬಂದರಿನ ರೂಢಿ. ಯುದ್ಧಕಾಲವೆಂದು ಅದನ್ನು ಹಾರಿಸಿರಲಿಲ್ಲ. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ ಬಹಳಷ್ಟು ಮಂದಿ ಅಲ್ಲೇ ಜೀವ ಬಿಟ್ಟರು. ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ದೇಶದಾದ್ಯಂತ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹ ಅವರ ನೆನಪಿಗೆ. ಸಪ್ತಾಹದ ಬ್ಯಾನರ್ ನೋಡಿದವರೆಲ್ಲರಿಗೂ ಈ ಕಥೆ ಗೊತ್ತಿರಬೇಕಿತ್ತು.

ಯುದ್ಧ ಮುಗಿದ ಮೇಲೆ ದೇಶದಿಂದ ದೇಶಕ್ಕೆ ರಾಸಾಯನಿಕಗಳ ಓಡಾಟ ಹೆಚ್ಚಿತು. ಒಂದೊಂದು ದೇಶಕ್ಕೆ ಒಂದೊಂದು ಗುರುತು ಇದ್ದರೆ ಬಂದರಿನ ಕೂಲಿಗೆ ಏನು ಅರ್ಥವಾಗಬೇಕು? ವಿಶ್ವಸಂಸ್ಥೆ 1953ರಲ್ಲಿ ತಜ್ಞರ ಸಮಿತಿ ಮಾಡಿತು, 1956ರಲ್ಲಿ ಮೊದಲ ಶಿಫಾರಸುಗಳು ಬಂದವು. ಕಿತ್ತಳೆ ಬಣ್ಣದ ರಕ್ಷಾಪುಟದ ಆ ಪುಸ್ತಕ ಕಾಲಕಾಲಕ್ಕೆ ಪರಿಷ್ಕರಣೆಯಾಗುತ್ತಲೇ ಬಂದಿದೆ. ಒಂಬತ್ತು ವರ್ಗಗಳು ಅಲ್ಲಿಂದಲೇ ಬಂದವು: ಸ್ಫೋಟಕ, ಅನಿಲ, ಉರಿಯುವ ದ್ರವ, ಉರಿಯುವ ಘನವಸ್ತು, ಬೆಂಕಿಗೆ ಆಮ್ಲಜನಕ ಕೊಡುವ ವಸ್ತು, ವಿಷ ಮತ್ತು ಸೋಂಕು, ವಿಕಿರಣ, ಸುಡುವ ಆಮ್ಲ–ಕ್ಷಾರ, ಇವು ಯಾವುದಕ್ಕೂ ಸೇರದ ಉಳಿದವು. ಪ್ರತಿಯೊಂದಕ್ಕೂ ಬಣ್ಣವಿದೆ, ಚಿತ್ರವಿದೆ. ಓದು ಬಾರದವನಿಗೂ ತಲೆಬುರುಡೆಯ ಚಿತ್ರ, ಕೈ ಸುಡುತ್ತಿರುವ ಹನಿಯ ಚಿತ್ರ ಅರ್ಥವಾಗಬೇಕೆಂಬುದು ಅದರ ಹಿಂದಿನ ಮನಸ್ಸು.

ಕರಾವಳಿ ಕನ್ನಡಿಗರಿಗೆ ಈ ಕೆಂಪು ವಜ್ರಾಕೃತಿಯ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿತು. ಸೋರಿದ ಅನಿಲ ರಸ್ತೆ ಬದಿಯ ಮನೆಗಳತ್ತ ಹರಡಿ ಹೊತ್ತಿಕೊಂಡಿತು. ಅಪಘಾತಕ್ಕೂ ತಮಗೂ ಸಂಬಂಧವೇ ಇಲ್ಲದೆ ತಮ್ಮ ಪಾಡಿಗೆ ತಾವಿದ್ದವರು ಸುಟ್ಟುಹೋದರು. ಅದಕ್ಕೆ ಹಿಂದಿನ ವರ್ಷ, 2012ರ ಆಗಸ್ಟ್ 27ರ ರಾತ್ರಿ, ಮಂಗಳೂರಿನಿಂದ ಹೊರಟಿದ್ದ ಅನಿಲ ಟ್ಯಾಂಕರ್ ಕಾಸರಗೋಡು ದಾಟಿ ಕಣ್ಣೂರಿನ ಚಾಲಾದಲ್ಲಿ ರಸ್ತೆ ವಿಭಜಕಕ್ಕೆ ಬಡಿದಿತ್ತು. ಅಲ್ಲಿ ಇಪ್ಪತ್ತು ಜನ ಸತ್ತರು. 2015ರ ಸೆಪ್ಟೆಂಬರ್‌ನಲ್ಲಿ ಕುಮಟಾ ಬಳಿಯ ಬರ್ಗಿಯಲ್ಲಿ ಮತ್ತೆ ಅದೇ ಕಥೆ. 2024ರ ಡಿಸೆಂಬರ್ 20ರ ಬೆಳಗಿನ ಜಾವ ಜೈಪುರದ ಹೊರವಲಯದಲ್ಲಿ ಅನಿಲ ಟ್ಯಾಂಕರ್‌ಗೆ ಲಾರಿ ಗುದ್ದಿದಾಗ ಹಿಂದೆ ಮುಂದೆ ನಿಂತಿದ್ದ ಹತ್ತಾರು ವಾಹನಗಳೂ ಹೊತ್ತಿ ಉರಿದವು.

ಅಡುಗೆ ಅನಿಲ ಗಾಳಿಗಿಂತ ಭಾರ, ಒಂದೂವರೆಯಿಂದ ಎರಡು ಪಟ್ಟು. ಆದ್ದರಿಂದ ಮೇಲಕ್ಕೆ ಹಾರುವುದಿಲ್ಲ, ನೆಲ ಹಿಡಿದು ತಗ್ಗಿನತ್ತ ಸರಿಯುತ್ತದೆ. ಟ್ಯಾಂಕಿನೊಳಗೆ ದ್ರವವಾಗಿದ್ದ ಒಂದು ಲೀಟರ್ ಹೊರಬಂದರೆ ಸುಮಾರು 250 ಲೀಟರ್ ಅನಿಲವಾಗುತ್ತದೆ. ಒಂದು ಟ್ಯಾಂಕರ್‌ನಲ್ಲಿ 17–18 ಟನ್ ಇರುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಆ ಕಿಡಿ ಒಲೆಯದಾಗಬಹುದು, ದೇವರ ದೀಪದ್ದಾಗಬಹುದು, ಏನಾಯಿತೆಂದು ನೋಡಲು ಹಾಕಿದ ಲೈಟಿನ ಸ್ವಿಚ್ಚಿನದಾಗಬಹುದು, ಸ್ಟಾರ್ಟ್ ಮಾಡಿದ ಬೈಕಿನದಾಗಬಹುದು. ಬೆಂಕಿ ಟ್ಯಾಂಕನ್ನೇ ಸುತ್ತಿಕೊಂಡರೆ ಅಪಾಯ ಇನ್ನೂ ದೊಡ್ಡದು. ಒಳಗಿನ ದ್ರವ ಕುದಿದು, ಉಕ್ಕು ಮೆತ್ತಗಾಗಿ, ಟ್ಯಾಂಕು ಸೀಳಿ, ಬೆಂಕಿಯ ಚೆಂಡು ಏಳುತ್ತದೆ. ಅಂಥ ಸಂದರ್ಭಕ್ಕೆ ಅಂತರರಾಷ್ಟ್ರೀಯ ಕೈಪಿಡಿಗಳು ಹೇಳುವ ಸುರಕ್ಷಿತ ದೂರ ಎಲ್ಲ ದಿಕ್ಕಿಗೂ 1,600 ಮೀಟರ್. ಪೆಟ್ರೋಲ್ ಟ್ಯಾಂಕರ್ ಹೊತ್ತಿದರೆ 800 ಮೀಟರ್. ಮೊಬೈಲ್ ಹಿಡಿದು ವಿಡಿಯೊ ಮಾಡುವವರು ನಿಲ್ಲುವ ದೂರವನ್ನು ಇದಕ್ಕೆ ಹೋಲಿಸಿ ನೋಡಬೇಕು.

ಕರಾವಳಿಯಲ್ಲಿ ಇದಕ್ಕೊಂದು ದೊಡ್ಡ ಪರಿಹಾರ ಬಂತು. ಮಂಗಳೂರಿನಿಂದ ಹಾಸನ, ಮೈಸೂರು, ಬೆಂಗಳೂರು ಪಕ್ಕದ ಸೋಲೂರಿಗೆ ಅಡುಗೆ ಅನಿಲದ ಕೊಳವೆ ಮಾರ್ಗ ಹಾಕಿದರು. ಶಿರಾಡಿ ಘಾಟಿ ಹತ್ತುತ್ತಿದ್ದ ಎಷ್ಟೋ ಟ್ಯಾಂಕರ್‌ಗಳ ಸರಕು ಈಗ ನೆಲದಡಿ ಹೋಗುತ್ತದೆ. ಎಲ್ಲ ಊರಿಗೂ ಕೊಳವೆ ಹಾಕಲಾಗದು. ಜಗಳೂರಿನಂಥ ತಾಲ್ಲೂಕುಗಳು ರಸ್ತೆಯನ್ನೇ ನಂಬಬೇಕು.

ರಸ್ತೆ ಎಂದರೆ ಡ್ರೈವರ್. ಅದೇ ಕೇಂದ್ರ ಮೋಟಾರು ವಾಹನ ನಿಯಮಗಳ 9ನೆಯ ನಿಯಮದ ಪ್ರಕಾರ ಅಪಾಯಕಾರಿ ಸರಕಿನ ವಾಹನ ಓಡಿಸುವವನಿಗೆ ಸಾಮಾನ್ಯ ಲೈಸೆನ್ಸ್ ಸಾಲದು. ಮೂರು ದಿನಗಳ ತರಬೇತಿ ಪಾಸಾಗಬೇಕು, ಒಂದು ಭಾರತೀಯ ಭಾಷೆಯ ಜೊತೆಗೆ ಇಂಗ್ಲಿಷ್ ಓದಲು ಬರೆಯಲು ಬರಬೇಕು. ಈ ವಿಶೇಷ ಲೈಸೆನ್ಸಿನ ಅವಧಿ ಮೊದಲು ಒಂದು ವರ್ಷ ಇತ್ತು, 2019ರ ತಿದ್ದುಪಡಿಯಲ್ಲಿ ಮೂರು ವರ್ಷಕ್ಕೆ ಏರಿತು. ಕ್ಯಾಬಿನ್ನಿನಲ್ಲಿ ‘ಟ್ರೆಮ್ ಕಾರ್ಡ್’ ಇರಬೇಕು. ಸರಕು ಯಾವುದು, ಮೈಗೆ ತಾಕಿದರೆ ಏನು ಮಾಡಬೇಕು, ಸೋರಿದರೆ ಏನು, ಹೊತ್ತಿದರೆ ಏನು, ಯಾರಿಗೆ ಫೋನ್ ಮಾಡಬೇಕು ಎಂದೆಲ್ಲ ಬರೆದ ಹಾಳೆ ಅದು. ಅಪಘಾತವಾದರೆ ಡ್ರೈವರ್ ಕೂಡಲೇ ಹತ್ತಿರದ ಪೊಲೀಸ್ ಠಾಣೆಗೂ ಮಾಲೀಕನಿಗೂ ತಿಳಿಸಬೇಕು.

ಆದರೆ ನಿಯಮ ಡ್ರೈವರನ ತಲೆಗಷ್ಟೇ ಕಟ್ಟಿದ್ದಲ್ಲ. ಸರಕು ಕಳಿಸುವವನು ಅದರ ಪೂರ್ತಿ ಮಾಹಿತಿ ಕೊಡಬೇಕೆಂದು 131ನೆಯ ನಿಯಮ ಹೇಳುತ್ತದೆ. ಡ್ರೈವರನಿಗೆ ಅದು ಅರ್ಥವಾಗಿದೆಯೇ ಎಂದು ನೋಡುವುದು ಮಾಲೀಕನ ಹೊಣೆ. ಮೋಟಾರು ವಾಹನ ಕಾಯ್ದೆಯ 190ನೆಯ ಕಲಂನ ಮೂರನೆಯ ಉಪಕಲಂ ಓಡಿಸಿದವನನ್ನು ಮಾತ್ರವಲ್ಲ, ಓಡಿಸಲು ಬಿಟ್ಟವನನ್ನೂ ಶಿಕ್ಷಿಸುತ್ತದೆ. ಮೊದಲ ಸಲಕ್ಕೆ 10,000 ರೂಪಾಯಿ ದಂಡ ಅಥವಾ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಅಪಘಾತವಾದಾಗ ಟಿ.ವಿ.ಯಲ್ಲಿ ಮೊದಲು ಕೇಳುವ ಮಾತು ‘ಚಾಲಕ ಪರಾರಿ’. ಸರಕು ತುಂಬಿಸಿದವರು ಯಾರು, ಅವರು ಕೊಟ್ಟ ಕಾಗದ ಎಲ್ಲಿ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯನ್ನು ಮೊದಲು ಕೇಳಬೇಕು.

ಪೆಟ್ರೋಲಿನ ಮಾತಿಗೆ ಬಂದರೆ ಗುರುತಿಲ್ಲದ ಸಾಗಾಟ ಪ್ರತಿ ಹಳ್ಳಿಯಲ್ಲೂ ಕಾಣಿಸುತ್ತದೆ. ಬಂಕ್ ದೂರವಿರುವ ಊರುಗಳ ಅಂಗಡಿಗಳಲ್ಲಿ ಒಂದು ಲೀಟರ್ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಸಿಗುತ್ತದೆ. ಪಕ್ಕದಲ್ಲೇ ಬೆಂಕಿಪೊಟ್ಟಣ, ಬೀಡಿ ಕಟ್ಟು. 1934ರ ಪೆಟ್ರೋಲಿಯಂ ಕಾಯ್ದೆ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪರವಾನಗಿ ಕೇಳುವುದಿಲ್ಲ. ಮಾರಾಟಕ್ಕೆ ಆ ವಿನಾಯಿತಿ ಇಲ್ಲ. ತೊಂದರೆ ಅಂಗಡಿಯವನೊಬ್ಬನದೇ ಅಲ್ಲ. ರಾತ್ರಿ ಪಂಪ್‌ಸೆಟ್ಟಿಗೆ, ಬೆಳಗ್ಗೆ ಔಷಧಿ ಹೊಡೆಯುವ ಯಂತ್ರಕ್ಕೆ ಇಂಧನ ಬೇಕಾದ ರೈತ ಇಪ್ಪತ್ತು ಕಿ.ಮೀ. ಹೋಗಿಬರಲಾರ. ಅವನಿಗೆ ಬೈಯುವುದರಿಂದ ಏನೂ ಆಗುವುದಿಲ್ಲ. ಮುಚ್ಚಳ ಭದ್ರವಾದ ಗಟ್ಟಿ ಕ್ಯಾನ್, ಅದರ ಮೇಲೆ ಕೆಂಪು ಗುರುತು, ಮಕ್ಕಳ ಕೈಗೆ ಸಿಗದ ಜಾಗ, ಇಷ್ಟನ್ನಾದರೂ ರೂಢಿ ಮಾಡಿಸಬಹುದು. ನೀರಿನ ಬಾಟಲಿಯಲ್ಲಿಟ್ಟ ಪೆಟ್ರೋಲನ್ನು, ಕೀಟನಾಶಕವನ್ನು ನೀರೆಂದು ಕುಡಿದ ಮಕ್ಕಳನ್ನು ಸರ್ಕಾರಿ ಆಸ್ಪತ್ರೆಗಳ ವೈದ್ಯರು ನೋಡುತ್ತಲೇ ಇರುತ್ತಾರೆ.

ಟ್ಯಾಂಕರ್ ಮಗುಚಿದಾಗ ಕೊಡ, ಬಕೆಟ್ ಹಿಡಿದು ಓಡುವ ಜನರ ಚಿತ್ರ ಎಲ್ಲರೂ ನೋಡಿದ್ದೇ. 2017ರ ಜೂನ್ 25ರಂದು, ಈದ್ ಹಬ್ಬದ ಹಿಂದಿನ ದಿನ, ಪಾಕಿಸ್ತಾನದ ಅಹ್ಮದ್‌ಪುರ ಶರ್ಕಿಯಾ ಬಳಿ ಹೀಗೆ ಪೆಟ್ರೋಲ್ ತುಂಬಿಕೊಳ್ಳಲು ಸೇರಿದ್ದ ಜನರ ನಡುವೆ ಟ್ಯಾಂಕರ್ ಹೊತ್ತಿಕೊಂಡಿತು. 200ಕ್ಕೂ ಹೆಚ್ಚು ಜನ ಸತ್ತರು. ಸುತ್ತಲಿನ ಹಳ್ಳಿಗಳ ಬಡವರು, ಹಬ್ಬಕ್ಕೆ ಊರಿಗೆ ಬಂದವರು. ಬಡತನ ಇರುವ ಕಡೆ ಹೆದ್ದಾರಿಯಲ್ಲಿ ಬಿಟ್ಟಿಯಾಗಿ ಹರಿಯುವ ಪೆಟ್ರೋಲನ್ನು ಮುಟ್ಟಬೇಡಿ ಎನ್ನುವುದು ಸುಲಭದ ಮಾತಲ್ಲ. ಹಾಗಂತ ಹೇಳದೆ ಇರುವಂತಿಲ್ಲ.

ಸರಕು ಖಾಲಿಯಾದ ಮೇಲೂ ಗುರುತು ಬೇಕು ಎಂಬುದು ಹಲವರಿಗೆ ಗೊತ್ತಿಲ್ಲ. ಖಾಲಿ ಪೆಟ್ರೋಲ್ ಟ್ಯಾಂಕಿನೊಳಗೆ ದ್ರವಕ್ಕಿಂತ ಅಪಾಯದ ಆವಿ ಉಳಿದಿರುತ್ತದೆ. ವೆಲ್ಡಿಂಗ್ ಮಾಡಲು ಹೋಗಿ ಸತ್ತವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. 2024ರಲ್ಲಿ ಮೈಸೂರಿನ ಗುಜರಿ ಗೋದಾಮಿನಲ್ಲಿ ಹಳೆಯ ಕ್ಲೋರಿನ್ ಸಿಲಿಂಡರಿನಿಂದ ಅನಿಲ ಸೋರಿ ಸುತ್ತಲಿನ ಹಲವರು ಆಸ್ಪತ್ರೆ ಸೇರಿದರು. ಕ್ಲೋರಿನ್ ಸಿಲಿಂಡರಿಗೆ ಹಳದಿ ಬಣ್ಣ ನಿಗದಿಯಾಗಿದೆ. ತುಕ್ಕು ಹಿಡಿದು ಬಣ್ಣ ಹೋದ ಮೇಲೆ ಗುಜರಿಯವನಿಗೆ ಅದು ಕೆ.ಜಿ. ಲೆಕ್ಕದ ಕಬ್ಬಿಣ ಮಾತ್ರ.

ನಮ್ಮ ಕಡೆ ದೊಡ್ಡ ಕೊರತೆ ಇರುವುದು ಫಲಕ ಓದುವವರ ವಿಷಯದಲ್ಲಿ. ಟ್ಯಾಂಕರ್ ಮಗುಚಿದ ಮೊದಲ ಕಾಲು ಗಂಟೆಯಲ್ಲಿ ಅಲ್ಲಿ ಇರುವವರು ಪಕ್ಕದ ಹೊಲದವರು, ಡಾಬಾದ ಹುಡುಗರು, ಪಂಕ್ಚರ್ ಹಾಕುವವನು, ಆಟೊದವನು, ಬಸ್ಸಿನಿಂದ ಇಳಿದ ಪ್ರಯಾಣಿಕರು. ಅಗ್ನಿಶಾಮಕ ವಾಹನ ತಾಲ್ಲೂಕು ಕೇಂದ್ರದಿಂದ ಬರಬೇಕು. ಮೂರು ಕಡೆ ದೊಡ್ಡದಾಗಿ ಬರೆದ ಸಂದೇಶ ಮೊದಲು ಬೀಳುವುದು ಇವರ ಕಣ್ಣಿಗೆ. ಅದರ ಬಹುಪಾಲು ಇಂಗ್ಲಿಷಿನಲ್ಲಿದೆ. ಅದನ್ನು ಓದುವುದು ಹೇಗೆಂದು ಯಾರೂ ಅವರಿಗೆ ಕಲಿಸಿಲ್ಲ. ಡ್ರೈವರಿಗೆ ಮೂರು ದಿನದ ತರಬೇತಿ ಇದೆ, ಹೆದ್ದಾರಿ ಬದಿಯ ಹಳ್ಳಿಗೆ ಮೂರು ಗಂಟೆಯದೂ ಇಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಾಗಿಲ್ಲ. ಏಪ್ರಿಲ್ ಸಪ್ತಾಹದಲ್ಲಿ ಅಗ್ನಿಶಾಮಕ ಸಿಬ್ಬಂದಿ ಊರೂರಿಗೆ ಬಂದು ಸಿಲಿಂಡರ್ ಬೆಂಕಿ ಆರಿಸುವುದನ್ನು ತೋರಿಸುತ್ತಾರೆ. ಜೊತೆಗೆ ಟ್ಯಾಂಕರ್ ಫಲಕದ ನಿಜ ಅಳತೆಯ ಪ್ರತಿಯೊಂದನ್ನು ತಂದು ಓದಿಸಬಹುದು. ಶಾಲೆಗೆ ರಜೆಯಿದ್ದರೆ ಗ್ರಾಮ ಪಂಚಾಯಿತಿ ಕಟ್ಟೆಯಲ್ಲೇ ಆಗಲಿ. ಒಂಬತ್ತು ಬಣ್ಣದ ಚಿತ್ರಗಳನ್ನು ಕನ್ನಡ ವಿವರದೊಂದಿಗೆ ಸೊಕ್ಕೆಯ ಬಸ್ ನಿಲ್ದಾಣದ ಗೋಡೆಗೆ, ಹೆದ್ದಾರಿಯ ಡಾಬಾಗಳಿಗೆ, ಬಂಕ್‌ಗಳಿಗೆ ಅಂಟಿಸಲು ಒಂದು ಪಂಚಾಯಿತಿಗೆ ಎಷ್ಟು ಖರ್ಚು? ಕ್ವಾರಿ ಇರುವ ಊರಿನ ಗ್ರಾಮಸಭೆ ಕೇಳಲೇಬೇಕಾದ ಪ್ರಶ್ನೆಗಳೂ ಇವೆ: ಸ್ಫೋಟಕದ ಪರವಾನಗಿ ಯಾರ ಹೆಸರಿನಲ್ಲಿದೆ, ದಾಸ್ತಾನು ಎಲ್ಲಿ, ಮದ್ದು ಬರುವ ಗಾಡಿ ಯಾವುದು, ಯಾವ ದಾರಿಯಲ್ಲಿ, ಯಾವ ಹೊತ್ತಿನಲ್ಲಿ. ಕೇಳಿದವರನ್ನು ಅಭಿವೃದ್ಧಿ ವಿರೋಧಿ ಎಂದು ಬಾಯಿ ಮುಚ್ಚಿಸುವುದು ತಪ್ಪು. ಬಂಡೆ ಸೀಳದೆ ರಸ್ತೆಯಾಗದು, ಮನೆಯಾಗದು ಎಂಬುದು ನಿಜ. ಅದೇ ರಸ್ತೆಯಲ್ಲಿ ಓಡಾಡುವವರಿಗೆ ಲಾರಿಯೊಳಗೆ ಏನಿದೆ ಎಂದು ತಿಳಿಯುವ ಹಕ್ಕೂ ಇದೆ.

ಹೆದ್ದಾರಿ ಬದಿಯ ಒಬ್ಬ ಸಾಮಾನ್ಯ ಮನುಷ್ಯ ಮಾಡಬಹುದಾದ್ದು ಇಷ್ಟು. ಟ್ಯಾಂಕರ್ ಮಗುಚಿದ್ದು ಕಂಡರೆ ಹತ್ತಿರ ಓಡಬಾರದು. ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದಕ್ಕೆ ಎದುರಾಗಿ, ತಗ್ಗು ಬಿಟ್ಟು ಎತ್ತರದ ಕಡೆ ಸರಿಯಬೇಕು. ಬೀಡಿ, ಒಲೆ, ವಾಹನದ ಎಂಜಿನ್ ಎಲ್ಲ ಬಂದ್. ಎರಡೂ ಕಡೆಯ ವಾಹನಗಳನ್ನು ಆದಷ್ಟು ದೂರದಲ್ಲೇ ತಡೆಯಬೇಕು. ನಂತರ 112ಕ್ಕೆ ಫೋನ್, ಅಡುಗೆ ಅನಿಲವಾದರೆ 1906ಕ್ಕೂ. ಹೇಳಬೇಕಾದ್ದು ಮೂರೇ ವಿಷಯ: ಯಾವ ಊರಿನ ಹತ್ತಿರ, ಸೋರುತ್ತಿದೆಯೇ ಉರಿಯುತ್ತಿದೆಯೇ, ಮತ್ತು ಫಲಕದ ಮೇಲಿನ ನಾಲ್ಕು ಅಂಕಿ. ಆ ಅಂಕಿ ಮೊದಲೇ ತಿಳಿದರೆ ಜಗಳೂರಿನಿಂದ ಹೊರಡುವ ಗಾಡಿ ನೊರೆಯ ಡ್ರಮ್ಮು ಹಾಕಿಕೊಂಡು ಹೊರಡುತ್ತದೆ, ಆಸ್ಪತ್ರೆಯವರಿಗೆ ಸುಟ್ಟಗಾಯಕ್ಕೆ ತಯಾರಾಗಬೇಕೇ ವಿಷದ ಉಸಿರಿಗೆ ತಯಾರಾಗಬೇಕೇ ಎಂದು ತಿಳಿದಿರುತ್ತದೆ, ಮತ್ತು ಪೊಲೀಸರು ಯಾವ ಹಳ್ಳಿಯನ್ನು ಮೊದಲು ಖಾಲಿ ಮಾಡಿಸಬೇಕೆಂದು ದಾರಿಯಲ್ಲೇ ತೀರ್ಮಾನಿಸಬಹುದು.